ಟೂಟೂ ಗೌಡ್ರು

ಕಡೂರಿನಲ್ಲೊಬ್ಬರು, ತರೀಕೆರೆಯಲ್ಲೊಬ್ಬರು, ಅಜ್ಜಂಪುರದಲ್ಲೊಬ್ಬರು ಟೂಟೂ ಗೌಡ್ರು ಇದ್ದೇ ಇರುತ್ತಾರೆ. ಕಡೂರಿನವರಿಗೆ ತೆಂಗು, ತರೀಕೆರೆಯವರಿಗೆ ಅಡಿಕೆ, ಅಜ್ಜಂಪುರದವರಿಗೆ ಈರುಳ್ಳಿ. ಉಳಿದಂತೆ ಮೂವರೂ ಒಂದೇ ಅಚ್ಚಿನವರು: ಖಾಕಿ ಅರೆತೋಳಿನ ಶರಟು, ಹುರಿ ಮೀಸೆ, ಎದುರಿನವರನ್ನು ಅಳತೆ ಮಾಡುವ ಹಾಗೆ ಸದಾ ಕಿರಿದಾಗಿರುವ ಎಡಗಣ್ಣು. ಮೂವರೂ ಪಾಯಿಂಟ್ ಟೂಟೂ ರೈಫಲ್ ಕೊಳ್ಳುವವರು. ಮಗಳ ಮದುವೆಗೆ ಮುಂಚೆಯೇ ಕೊಳ್ಳುವವರಿದ್ದರು. ಈಗ ಆ ಮಗಳ ಮಗ ಪಿಯುಸಿ.

ನನಗೆ ಚೆನ್ನಾಗಿ ಗೊತ್ತಿರುವುದು ತರೀಕೆರೆಯವರು. ಅಡಿಕೆ ಮಂಡಿಯಲ್ಲಿ ರೇಟು ಬರುವವರೆಗೆ ಕಾಯುವವರಿಗೆ ಅವರೇ ಮನರಂಜನೆ. ಎಲೆ ಅಡಿಕೆ ಚೀಲದ ಒಳಜೇಬಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚುತ್ತಾರೆ. ಒಳಗೆ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ಉದ್ದದ ಹಿತ್ತಾಳೆ ಕೊಳವೆ, ಖಾಲಿ ತೋಟೆ. ಕಾಲೇಜಿನ ಎನ್‌ಸಿಸಿ ಕ್ಯಾಂಪಿನದು. ಅಲ್ಲಿ ಖಾಲಿ ತೋಟೆಗಳನ್ನೂ ಎಣಿಸಿ ವಾಪಸು ಪಡೆಯುತ್ತಾರೆ. ಅವತ್ತು ಒಂದು ಕಮ್ಮಿ ಬಂದು ಇಡೀ ಪ್ಲಟೂನು ಮಟಮಟ ಮಧ್ಯಾಹ್ನ ಹುಲ್ಲು ಕೆದಕಿ ಹುಡುಕಿತಂತೆ. ಗೌಡ್ರೂ ಎಲ್ಲರಿಗಿಂತ ಮುತುವರ್ಜಿಯಿಂದ ಹುಡುಕಿದರು. ಅದು ಅವರ ಕಾಲುಚೀಲದೊಳಗಿತ್ತು.

"ಇಲ್ಲಿ ನೋಡಯ್ಯ, ತಳದ ಅಂಚಲ್ಲಿ ಪಿನ್ನು ಕಚ್ಚಿದ ಗುರುತು. ದೊಡ್ಡ ತೋಟೆಗೆ ತಳದ ನಡುವೆ ಕೇಪು ಇರ್ತದೆ. ಇದಕ್ಕೆ ಅದಿಲ್ಲ. ಸಿಡಿಯೋ ಮದ್ದು ಈ ಅಂಚಿನ ಒಳಗೇ ಸುತ್ತ ತುಂಬಿರ್ತದೆ. ಪಿನ್ನು ಅಂಚಿಗೆ ತಾಗಿದ್ರೆ ಮುಗೀತು. ಅದಕ್ಕೇ ರಿಮ್‌ಫೈರ್ ಅನ್ನೋದು. 1887ರಲ್ಲಿ ಬಂದ ತೋಟೆ, ಇವತ್ತಿಗೂ ಅದೇ ಅಳತೆ. ಗುಂಡು 40 ಗ್ರೇನು, ಅಂದ್ರೆ ಎರಡೂವರೆ ಗ್ರಾಂ ಚಿಲ್ರೆ. ಇಷ್ಟೇ ಇಷ್ಟು ಅಂತ ತಾತ್ಸಾರ ಮಾಡ್ಬೇಡ, ಒಂದು ಮೈಲಿ ದಾಟಿ ಹೋಗ್ತದೆ."

ಆ ಕ್ಯಾಂಪಿನಲ್ಲಿ ಗೌಡ್ರು ಬೋರಲು ಮಲಗಿ 25 ಮೀಟರ್ ಆಚೆಯ ಗುರಿಹಲಗೆಗೆ ಐದು ಗುಂಡು ಹೊಡೆದಿದ್ದರು. ನಾನು ಮೊದಲು ಕೇಳಿದಾಗ ಐದೂ ಒಂದು ಅಂಗೈಯಗಲದಲ್ಲಿ ಬಿದ್ದಿದ್ದವು. ವರ್ಷ ಕಳೆದಂತೆ ಆ ಜಾಗ ಕಿರಿದಾಗುತ್ತ ಈಗ ನಾಲ್ಕಾಣೆ ನಾಣ್ಯಕ್ಕೆ ಬಂದು ನಿಂತಿದೆ. ಇನ್ನೊಂದು ನಾಲ್ಕು ವರ್ಷ ಆಯಸ್ಸು ಗಟ್ಟಿಯಿದ್ದರೆ ಐದೂ ಒಂದೇ ತೂತಿನಲ್ಲಿ ಹೋಗುವುದರಲ್ಲಿ ಸಂಶಯವಿಲ್ಲ.

ಇನ್ನು ಆಯ್ಕೆ. ಜರ್ಮನಿಯ ಆನ್‌ಷುಟ್ಸ್ ಎಂದರೆ ಗೌಡ್ರು ಕೈಮುಗಿಯುತ್ತಾರೆ, ಆದರೆ ತೂಕ ಜಾಸ್ತಿ, ಮಲಗಿ ಗುರಿಯಿಡಲು ಸರಿ, ಹೆಗಲಿಗೇರಿಸಿ ತೋಟ ಸುತ್ತಲಾಗದು. ಜೆಕ್ ದೇಶದ ಸಿಝಡ್ ತೋಟ ಸುತ್ತಲು ಹಗುರ, ಆದರೆ 50 ಮೀಟರ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಬರೀ 10.4 ಮಿಲಿಮೀಟರ್, ಅದಕ್ಕೆ ಆನ್‌ಷುಟ್ಸೇ ಆಗಬೇಕು. ನಮ್ಮ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಯದು? "ಅದು ಸಿಗ್ತದೆ ಬಿಡಯ್ಯ" ಎಂದು ಮುಖ ಸಿಂಡರಿಸುತ್ತಾರೆ. ಸಿಗುವುದೇ ಅದರ ದೋಷ. ವಿದೇಶಿ ರೈಫಲ್ ತರಿಸಲು ಹೆಸರಾಂತ ಶೂಟರ್ ಆಗಿರಬೇಕು ಎಂಬ ನಿಯಮ ಅವರಿಗೆ ಗೊತ್ತು. ನಿಯಮದ ಮೇಲೆ ಸಿಟ್ಟಿಲ್ಲ. ಹೆಸರು ಬರುವುದು ತಡವಾಗಿದೆ, ಅಷ್ಟೇ.

2024ರಲ್ಲಿ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ಸಿನಲ್ಲಿ 50 ಮೀಟರ್ ರೈಫಲ್ಲಿನಲ್ಲಿ ಕಂಚು ಗೆದ್ದಾಗ ಗೌಡ್ರು ಮಂಡಿಗೆಲ್ಲ ಮೈಸೂರುಪಾಕು ಹಂಚಿದರು. "ರೈಲ್ವೆ ಟಿಕೆಟ್ ಕಲೆಕ್ಟರ್ ಕಣಯ್ಯ! ಟೂಟೂನಲ್ಲೇ ಹೊಡೆದದ್ದು!" ಅಂದಿನಿಂದ ಬೀರೂರು ಜಂಕ್ಷನ್ನಿನಲ್ಲಿ ಟಿಸಿ ಎದುರಾದರೆ ಕೇಳುವ ಮುಂಚೆಯೇ ಟಿಕೆಟ್ ತೋರಿಸಿ ನಮಸ್ಕಾರ ಹಾಕುತ್ತಾರೆ. ಎಮ್ಮೆದೊಡ್ಡಿಯ ನರಭಕ್ಷಕನ ಕಥೆ ಬರೆದ ಕೆನೆತ್ ಆಂಡರ್ಸನ್ ಬಗ್ಗೆ ಮಾತ್ರ ಅವರಿಗೆ ಅಷ್ಟೇನೂ ಗೌರವವಿಲ್ಲ. ಆತನ ಕೈಯಲ್ಲಿದ್ದದ್ದು ಪಾಯಿಂಟ್ ನಾಲ್ಕು ಸೊನ್ನೆ ಐದು ವಿಂಚೆಸ್ಟರ್. "ಅಷ್ಟು ದೊಡ್ಡ ತೋಟೆಯಲ್ಲಿ ಯಾರು ಬೇಕಾದ್ರೂ ಹುಲಿ ಹೊಡೀತಾರೆ."

ರೈಫಲ್ ತಂದು ಹೊಡೆಯುವುದೇನನ್ನು ಎಂಬ ಪ್ರಶ್ನೆ ಎತ್ತಿದವನು ಅವರ ಸೋದರಳಿಯ, ವಕೀಲ.

"ಮೊಲ."

"ಮೊಲ ಹೊಡೆಯೋ ಹಾಗಿಲ್ಲ ಮಾವ. 1972ರ ವನ್ಯಜೀವಿ ಕಾಯ್ದೆ."

"ನನಗೇ ಕಾನೂನು ಹೇಳ್ತೀಯಾ? ಅದೇ ಕಾಯ್ದೆಯಲ್ಲಿ ಸಣ್ಣ ಬೇಟೆಗೆ ಅಂತಲೇ ಲೈಸೆನ್ಸ್ ಇತ್ತು."

"ಇತ್ತು. 1991ರಲ್ಲಿ ತೆಗೆದುಹಾಕಿದ್ರು. ಅಷ್ಟರೊಳಗೆ ನೀವು ತಗೋಬಹುದಿತ್ತು."

"ಆಗ ನಾನು ಮಾಡೆಲ್ ನೋಡ್ತಾ ಇದ್ದೆ."

ಹೀಗೆ ಒಂದೊಂದೇ ಉದುರಿದವು. ನವಿಲು ರಾಷ್ಟ್ರಪಕ್ಷಿ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಿಂದ ಸಂರಕ್ಷಿತ ಪ್ರದೇಶ, ಅಲ್ಲಿನ ಕೃಷ್ಣಮೃಗದ ಕಡೆ ಕ್ಯಾಮೆರಾ ಬಿಟ್ಟು ಬೇರೇನೂ ಎತ್ತುವಂತಿಲ್ಲ. ತರೀಕೆರೆಯ ಬೆನ್ನಿಗೇ ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ತೋಟ ಬಗೆಯುವ ಹಂದಿಗಾದರೂ ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಟೂಟೂ ಗುಂಡು ಬಿದ್ದರೆ ಹಂದಿಗೆ ಸಿಟ್ಟು ಬರುತ್ತದೆ, ಗೌಡ್ರು ಮರ ಹತ್ತಬೇಕಾಗುತ್ತದೆ. ಅವರ ವಯಸ್ಸಿಗೆ ಅಡಿಕೆ ಮರ ಹೇಳಿದ್ದಲ್ಲ. ಕೊನೆಗೆ ಉಳಿದದ್ದು ಅಟ್ಟದ ಇಲಿ. ಒಳಗಿನಿಂದ ಗೌಡತಿಯವರ ದನಿ ಬಂತು: "ಮೊದ್ಲು ಆ ಇಲಿಬೋನಿನ ಸ್ಪ್ರಿಂಗ್ ಹಾಕಿಸ್ಕೊಂಡು ಬನ್ನಿ."

ಕಾನೂನು ಸರಿಯಾಗಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಅದರಿಂದ ಮೊಲಕ್ಕೆಷ್ಟು ಲಾಭವೋ ಗೌಡ್ರಿಗೂ ಅಷ್ಟೇ. ಒಂದು ಮೊಲ ತಪ್ಪಿಸಿಕೊಂಡಿದ್ದರೂ ನಾಲ್ಕಾಣೆ ನಾಣ್ಯದ ಗತಿ ಏನಾಗುತ್ತಿತ್ತು?

ಗುರಿ ಅಭ್ಯಾಸಕ್ಕಂತೂ ದಾರಿ ಮುಚ್ಚಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪಾಯಿಂಟ್ 22 ರೈಫಲ್ಲಿನ ಹೆಸರೆತ್ತಿಯೇ, ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರಿಗೆ ಅದರ ಲೈಸೆನ್ಸಿಗೆ ಅವಕಾಶ ಕೊಟ್ಟಿದೆ. ಸೋದರಳಿಯ ಇದನ್ನು ಓದಿ ಹೇಳಿ, "ಒಂದು ಕ್ಲಬ್ ಸೇರ್ಕೊಳ್ಳಿ ಮಾವ" ಎಂದ. "ಯಾವ ಕ್ಲಬ್ ಅಂತ ನೋಡ್ತಾ ಇದ್ದೀನಿ" ಎಂದರು.

ಮೊಮ್ಮಗ ಇನ್ನೂ ಸುಲಭದ ದಾರಿ ತೋರಿಸಿದ. 4.5 ಮಿಲಿಮೀಟರಿನ, 20 ಜೂಲ್ ಮೀರದ ಏರ್ ರೈಫಲ್ಲಿಗೆ 2016ರ ನಿಯಮದಂತೆ ಲೈಸೆನ್ಸೇ ಬೇಡ. ಗೌಡ್ರು "ಅದು ಜಾತ್ರೆಯಲ್ಲಿ ಬಲೂನು ಹೊಡೆಯೋ ಸಾಮಾನು" ಎಂದರು. "2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗಲ್ಲಿ ಚಿನ್ನ ಗೆದ್ದದ್ದು ಏರ್ ರೈಫಲ್ಲಲ್ಲೇ ತಾತ. ಅದರಲ್ಲಿ ಹತ್ತರ ಚುಕ್ಕೆ ಅರ್ಧ ಮಿಲಿಮೀಟರು." ಗೌಡ್ರು ಎಡಗಣ್ಣು ಇನ್ನಷ್ಟು ಕಿರಿದು ಮಾಡಿ, ಹುಡುಗನಿಗೆ ಓದಿನ ಕಡೆ ಗಮನವಿಲ್ಲ ಎಂದು ಮಗಳಿಗೆ ದೂರು ಹೇಳಿದರು.

ಹಾಗಂತ ಮನೆಯಲ್ಲಿ ಕೋವಿಯೇ ಇಲ್ಲವೆಂದಲ್ಲ. ಅಜ್ಜನ ಕಾಲದ ಕೇಪಿನ ಕೋವಿಯೊಂದಿದೆ, ಬೆಳೆ ರಕ್ಷಣೆಯ ಲೈಸೆನ್ಸಿನದು. ನಳಿಗೆಯ ಬಾಯಿಂದ ಮಸಿ, ಚರೆ ತುಂಬಿ ಗಜದಿಂದ ಜಡಿಯಬೇಕು. ಜಡಿದು ಮುಗಿಯುವಷ್ಟರಲ್ಲಿ ಮಂಗಗಳು ಪಕ್ಕದ ತೋಟವನ್ನೂ ಮುಗಿಸಿರುತ್ತವೆ. ಅದು ಹೊರಗೆ ಬರುವುದು ಆಯುಧಪೂಜೆಗೆ ಮತ್ತು ಚುನಾವಣೆಗೆ. ಚುನಾವಣೆ ಘೋಷಣೆಯಾದರೆ ಠಾಣೆಯಲ್ಲಿ ಡಿಪಾಜಿಟ್ ಮಾಡಬೇಕು, ಮುಗಿದ ಮೇಲೆ ರಶೀದಿ ತೋರಿಸಿ ಬಿಡಿಸಿಕೊಳ್ಳಬೇಕು. ಪಂಚಾಯ್ತಿ, ವಿಧಾನಸಭೆ, ಲೋಕಸಭೆ ಎಲ್ಲ ಸೇರಿ ಆ ಕೋವಿ ಕಂಡಷ್ಟು ಚುನಾವಣೆಯನ್ನು ಈ ಭಾಗದ ಯಾವ ರಾಜಕಾರಣಿಯೂ ಕಂಡಿರಲಾರ.

ಲೈಸೆನ್ಸ್ ರಿನಿವಲ್ ಈಗ ಐದು ವರ್ಷಕ್ಕೊಮ್ಮೆ. ಕಳೆದ ಸಲ ಅದಕ್ಕೆಂದು ಚಿಕ್ಕಮಗಳೂರಿನ ಡಿಸಿ ಆಫೀಸಿಗೆ ಹೋದಾಗ ಜೊತೆಗೆ ನಾನೂ ಇದ್ದೆ. ಬೆಂಚಿನ ಮೇಲೆ ಆಗಲೇ ಕಡೂರಿನವರೂ ಅಜ್ಜಂಪುರದವರೂ ಕೂತಿದ್ದರು. ಪರಿಚಯವೇ ಬೇಕಾಗಲಿಲ್ಲ. ಐದು ನಿಮಿಷದಲ್ಲಿ ಆನ್‌ಷುಟ್ಸ್, ಸಿಝಡ್, ನಳಿಗೆಯ ಸುರುಳಿ 16 ಇಂಚಿಗೊಂದು ಸುತ್ತು ಎಂಬಲ್ಲಿಗೆ ಮಾತು ಬಂತು. ಅಜ್ಜಂಪುರದವರು ಅಂಗಿ ಜೇಬಿನಿಂದ ಒಂದು ಖಾಲಿ ತೋಟೆ ತೆಗೆದರು. ತರೀಕೆರೆಯವರು ತಮ್ಮದನ್ನು ತೆಗೆದು ಪಕ್ಕದಲ್ಲಿಟ್ಟರು. ಕಡೂರಿನವರದು ಮನೆಯಲ್ಲಿತ್ತಂತೆ.

ಸರದಿ ಬಂದಾಗ ಗುಮಾಸ್ತರು ಮೂರೂ ಪುಸ್ತಕ ತಿರುವಿ ನೋಡಿದರು. ಮೂರೂ ಕೇಪಿನ ಕೋವಿ. ಇಷ್ಟು ಹೊತ್ತಿನ ಮಾತು ಅವರ ಕಿವಿಗೂ ಬಿದ್ದಿತ್ತು. ಪಾಪ, ಒಳ್ಳೆಯ ಮನುಷ್ಯ, ಡ್ರಾಯರ್ ಎಳೆದು ಕೇಳಿದರು, "ರೈಫಲ್ಲಿಗೂ ಈಗ್ಲೇ ಅರ್ಜಿ ಹಾಕ್ತೀರಾ ಸಾರ್? ಫಾರಂ ಇಲ್ಲೇ ಇದೆ."

ಮೂವರೂ ಮುಖ ಮುಖ ನೋಡಿಕೊಂಡರು. ಕೊನೆಗೆ ನಮ್ಮ ತರೀಕೆರೆಯವರೇ ಗಂಟಲು ಸರಿಮಾಡಿಕೊಂಡರು.

"ಅವಸರ ಏನಿಲ್ಲ ಬಿಡಿ ಸ್ವಾಮಿ. ಯಾವ್ದು ಅಂತ ಇನ್ನೂ ತೀರ್ಮಾನ ಆಗಿಲ್ಲ."