ಮೌಢ್ಯವನ್ನು ಕೈಬಿಟ್ಟ ಕಾಯ್ದೆ

ಕರ್ನಾಟಕ ವಿಧಾನಮಂಡಲದ ಮಾನ್ಯ ಸದಸ್ಯರಿಗೆ,



2017ರಲ್ಲಿ ಸದನ ಅಂಗೀಕರಿಸಿದ ಕಾಯ್ದೆಯನ್ನು ಜನರು ‘ಮೌಢ್ಯ ನಿಷೇಧ ಕಾಯ್ದೆ’ ಎಂದೇ ಕರೆಯುತ್ತಾರೆ. ಅದರ ಅಧಿಕೃತ ಹೆಸರಿನಲ್ಲಿ ಮಾತ್ರ ಮೌಢ್ಯವಿಲ್ಲ. ಅಲ್ಲಿರುವುದು ಅಮಾನವೀಯ ದುಷ್ಟ ಪದ್ಧತಿ ಮತ್ತು ಮಾಟಮಂತ್ರದ ಮಾತು. 2013ರ ಕರಡಿನಲ್ಲಿದ್ದ ಮೂಢನಂಬಿಕೆ ಎಂಬ ಮಾತು ವಿರೋಧ, ತಿದ್ದುಪಡಿಗಳ ನಡುವೆ ಬಿದ್ದುಹೋಯಿತು.

ಅದು ಉಳಿಯಬೇಕಿತ್ತು. ದುಷ್ಟ ಎಂದೊಡನೆ ನಮ್ಮ ಬೆರಳು ಒಬ್ಬ ಅಪರಾಧಿಯತ್ತ ಹೋಗುತ್ತದೆ. ಮೂಢ ಎಂಬುದು ಬೇರೆ. ಸಂಸ್ಕೃತದ ‘ಮುಹ್’ ಧಾತುವಿನಿಂದ ಬಂದ ಆ ಪದಕ್ಕೆ ಮೂಲದಲ್ಲಿ ದಿಕ್ಕು ತೋಚದವನು, ಕಂಗೆಟ್ಟವನು ಎಂಬ ಅರ್ಥ. ಮೋಹವೂ ಅದೇ ಧಾತುವಿನ ಕೂಸು. ಗುರುವೋ ಶುಕ್ರನೋ ಸೂರ್ಯನಿಗೆ ತೀರ ಸಮೀಪ ಬಂದು ಕಣ್ಣಿಗೆ ಕಾಣದಾದಾಗ ಪಂಚಾಂಗದವರೂ ಅದನ್ನು ಮೌಢ್ಯ ಎನ್ನುತ್ತಾರೆ, ಮದುವೆ ಮುಂಜಿಗಳನ್ನು ಮುಂದೂಡುತ್ತಾರೆ.

ಮೂಢನಂಬಿಕೆಗೆ ಇಂಗ್ಲಿಷಿನಲ್ಲಿರುವ ‘ಸೂಪರ್‌ಸ್ಟಿಷನ್’ ಎಂಬ ಪದ ಹುಟ್ಟಿದ್ದು ಲ್ಯಾಟಿನ್ನಿನಲ್ಲಿ. ಮಕ್ಕಳು ತಮಗಿಂತ ಹೆಚ್ಚು ಕಾಲ ಬಾಳಲೆಂದು ದಿನವಿಡೀ ಪ್ರಾರ್ಥಿಸಿ ಬಲಿ ಕೊಡುತ್ತಿದ್ದವರಿಂದ ಆ ಪದ ಬಂತೆಂದು ಕ್ರಿಸ್ತಪೂರ್ವ 1ನೇ ಶತಮಾನದ ರೋಮನ್ ಲೇಖಕ ಸಿಸೆರೋ ಬರೆದ. ವ್ಯುತ್ಪತ್ತಿಯಾಗಿ ಅದನ್ನು ಈಗಿನ ಭಾಷಾತಜ್ಞರು ಒಪ್ಪುವುದಿಲ್ಲ. ಆದರೆ ತಂದೆ ತಾಯಿಯ ಭಯವನ್ನು ಅವನು ಸರಿಯಾಗಿಯೇ ಕಂಡಿದ್ದ.

2019ರ ಡಿಸೆಂಬರ್ 26, ಸೂರ್ಯಗ್ರಹಣ. ಕಲಬುರಗಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಹೂತು ನಿಲ್ಲಿಸಿದರು. ಗ್ರಹಣ ಬಿಡುವಷ್ಟರಲ್ಲಿ ಕೈಕಾಲು ಸರಿಹೋದಾವು ಎಂಬ ಆಸೆ. ಆ ಮಕ್ಕಳು ಅತ್ತದ್ದನ್ನು ನಾಡು ಟಿವಿಯಲ್ಲಿ ನೋಡಿತು. ಅದು ಹಿಂಸೆ, ತಡೆಯಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗುಂಡಿ ತೋಡಿದ್ದು ಹೆತ್ತವರ ಮೋಹ. ಅವರನ್ನು ದುಷ್ಟರ ಸಾಲಿಗೆ ಸೇರಿಸಿದರೆ ಮುಂದಿನ ಸಲ ಗುಂಡಿಯನ್ನು ಯಾರ ಕಣ್ಣಿಗೂ ಬೀಳದ ಕಡೆ ತೋಡುತ್ತಾರೆ, ಅಷ್ಟೇ. ನಿಮ್ಮ ಕಾಯ್ದೆ ಜಾರಿಗೆ ಬಂದದ್ದು ಮರು ತಿಂಗಳು, 2020ರ ಜನವರಿಯಲ್ಲಿ.

2027ರ ಆಗಸ್ಟ್ 2ರಂದು ಭಾರತದ ಹಲವೆಡೆ ಪಾರ್ಶ್ವ ಸೂರ್ಯಗ್ರಹಣ ಕಾಣಲಿದೆ. ದಿನಾಂಕ ಮೊದಲೇ ಗೊತ್ತಿರುವುದರಿಂದ ಕೇಳುತ್ತಿದ್ದೇನೆ: ಅಷ್ಟರೊಳಗೆ ಇಂಥ ಮಕ್ಕಳಿರುವ ಪ್ರತಿ ಹಳ್ಳಿಗೂ ಫಿಸಿಯೋಥೆರಪಿ ಮಾಡುವವರನ್ನು ತಿಂಗಳಿಗೊಮ್ಮೆಯಾದರೂ ಕಳುಹಿಸಿ. ಆಶಾ ಕಾರ್ಯಕರ್ತೆಯರು ಗ್ರಹಣಕ್ಕೆ ಒಂದು ವಾರ ಮುಂಚೆ ಆ ಮನೆಗಳಿಗೆ ಹೋಗಿ ಕೂತು ಮಾತಾಡಲಿ. ಪೊಲೀಸರು ಆಮೇಲೆ ಬರಲಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಮತದಾರ