ವರ್ಗಾವಣೆಗೆ ತಡೆಯಾಜ್ಞೆ

ಜುಲೈ ಬಂತೆಂದರೆ ಬೇಸ್‌ಬಾಲ್ ಅಭಿಮಾನಿಗಳ ಕರುಳು ಕಲ್ಲಾಗುತ್ತದೆ. ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ತಿಂಗಳ ಕೊನೆಯ ಆಸುಪಾಸಿನಲ್ಲಿ ಗಡುವು. ಯಾರನ್ನು ಓಡಿಸಬೇಕು, ಯಾರನ್ನು ತರಬೇಕು ಎಂದು ಅಲ್ಲಿಯವರೆಗೆ ಮನೆಮನೆಯಲ್ಲೂ ಲೆಕ್ಕಾಚಾರ. 2015ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ನಮ್ಮ ಮನೆಯಲ್ಲಿ ಈ ಖಾತೆ ಯಜಮಾನರದ್ದು. ಫ್ಲಶಿಂಗ್ ಗಣಪತಿ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆಗೆ ಸರದಿ ನಿಂತಾಗಲೂ ಪಕ್ಕದವರ ಬಳಿ ಮೆಟ್ಸ್ ತಂಡದ್ದೇ ಮಾತು: "ಹಾರ್ವಿ, ಡಿಗ್ರಾಮ್, ಸಿಂಡರ್ಗಾರ್ಡ್... ಎಸೆಯೋರಿಗೇನೂ ಬರ ಇಲ್ಲ. ಹೊಡೆಯೋರೇ ಇಲ್ವಲ್ಲ! ಆ ವಿಲ್ಮರ್ ಫ್ಲೋರೆಸ್‌ನ ಸಾಗಹಾಕಿ ಇನ್ಯಾರನ್ನಾದ್ರೂ ತರಬಾರ್ದಾ?"

ಜುಲೈ 29ರ ರಾತ್ರಿ ಮೆಟ್ಸ್ ಮೈದಾನವಾದ ಸಿಟಿ ಫೀಲ್ಡ್‌ನಲ್ಲಿ ಆಟ ನಡೆಯುತ್ತಿರುವಾಗಲೇ ಸುದ್ದಿ ಹಬ್ಬಿತು. ಫ್ಲೋರೆಸ್, ಜ್ಯಾಕ್ ವೀಲರ್ ಇಬ್ಬರನ್ನೂ ಮಿಲ್ವಾಕಿ ತಂಡಕ್ಕೆ ಕೊಟ್ಟು ಅಲ್ಲಿನ ಕಾರ್ಲೋಸ್ ಗೋಮೆಜ್‌ನನ್ನು ತರುತ್ತಾರಂತೆ! ಪ್ರೇಕ್ಷಕರ ಫೋನಿಗೆಲ್ಲ ಸುದ್ದಿ ಮುಟ್ಟಿ, ಅವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ವೆನಿಜುವೆಲಾದಿಂದ 16ನೇ ವಯಸ್ಸಿಗೇ ಈ ತಂಡ ಸೇರಿದ್ದ ಹುಡುಗ ಫ್ಲೋರೆಸ್ ಮೈದಾನದಲ್ಲೇ ಕಣ್ಣೊರೆಸಿಕೊಂಡ.

ಮನೆಯಲ್ಲಿ ಟೀವಿ ಮುಂದೆ ಕೂತು ನಾಳೆಯ ಹುಳಿಗೆ ಬೀನ್ಸ್ ನಾರು ತೆಗೆಯುತ್ತಿದ್ದ ಅತ್ತೆಯ ಕೈ ನಿಂತಿತು.

"ಅಯ್ಯೋ, ಯಾಕೋ ಆ ಮಗು ಅಳ್ತಿದೆ?"

"ಬೇರೆ ತಂಡಕ್ಕೆ ಕಳಿಸ್ತಾರಂತಮ್ಮ."

"ಆಷಾಢದಲ್ಲಾ?"

ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆಯ ಗುಮಾಸ್ತರಾಗಿ ನಿವೃತ್ತರಾದ ಮಾವನಿಗೆ ಮಾತ್ರ ಆಟ ಅರ್ಥವಾಗದಿದ್ದರೂ ಸಮಸ್ಯೆ ಅರ್ಥವಾಯಿತು. "ಆರ್ಡರ್ ಬಂದಿದ್ರೆ ರಿಲೀವ್ ಮಾಡ್ಬೇಕು, ಹೀಗೆ ಡ್ಯೂಟಿ ಮಾಡಿಸೋ ಹಾಗಿಲ್ಲ. ಬಂದಿಲ್ಲ ಅಂದ್ರೆ ಬರೀ ಗಾಳಿಸುದ್ದಿ. ಆರ್ಡರ್ ಕಾಪಿ ಕಣ್ಣಾರೆ ನೋಡೋ ತನಕ ಗಂಟುಮೂಟೆ ಕಟ್ಟಬಾರದಪ್ಪ."

ತಿಂಗಳಿಡೀ ಅವನನ್ನು ಸಾಗಹಾಕುತ್ತಿದ್ದ ಯಜಮಾನರು ಈಗ ಕನ್ನಡಕ ಒರೆಸಿಕೊಳ್ಳುತ್ತಿದ್ದರು. "ಎಂಥಾ ನಿಷ್ಠೆ! ಇಂಥವನನ್ನ ಕಳಿಸೋಕೆ ಇವರಿಗೆ ಮನಸ್ಸಾದ್ರೂ ಹೇಗೆ ಬರುತ್ತೆ?" ಮಗ "ಅಪ್ಪಾ, ನೀವೇ ಅಲ್ವಾ..." ಎಂದು ಶುರು ಮಾಡಿದ. ನಾನು ಅವನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿ ಬಾಯಿ ಮುಚ್ಚಿಸಿದೆ.

ಮಾವನ ಮಾತೇ ನಿಜವಾಯಿತು. ಗೋಮೆಜ್‌ನ ಸೊಂಟದ ಬಗ್ಗೆ ಅನುಮಾನ ಬಂದು ಮೆಟ್ಸ್ ಹಿಂದೆ ಸರಿಯಿತು. "ಕೆಎಟಿಯಲ್ಲಿ ಸ್ಟೇ ಸಿಕ್ತು ಅನ್ನು" ಎಂದರು ಮಾವ. ಮ್ಯಾನೇಜರ್ ಟೆರಿ ಕಾಲಿನ್ಸ್‌ಗೆ ಅಂದು ಸುದ್ದಿಯನ್ನು ಯಾರೂ ಹೇಳಿರಲಿಲ್ಲವೆಂದು ತಿಳಿದಾಗಲೂ ಅವರಿಗೆ ಅಚ್ಚರಿಯಾಗಲಿಲ್ಲ. "ಮೊದಲು ಜವಾನನಿಗೆ ಗೊತ್ತಾಗುತ್ತೆ, ಕೊನೆಗೆ ಸಾಹೇಬರಿಗೆ. ಎಲ್ಲಾ ಕಡೆ ಅಷ್ಟೇ."

31ರ ಸಂಜೆ ಗಡುವಿಗೆ ನಿಮಿಷಗಳಷ್ಟೇ ಉಳಿದಿದ್ದಾಗ ಡೆಟ್ರಾಯಿಟ್ ತಂಡದಿಂದ ಸೆಸ್ಪೆಡೆಸ್ ಎಂಬ ಹೊಡೆತಗಾರನನ್ನು ತಂದರು. ಆದರೆ ಆ ರಾತ್ರಿ ವಾಷಿಂಗ್ಟನ್ ಎದುರು 12ನೇ ಇನಿಂಗ್ಸ್‌ನಲ್ಲಿ ಹೋಮ್‌ರನ್ ಹೊಡೆದು 2–1ರಿಂದ ಗೆಲ್ಲಿಸಿದವನು ಫ್ಲೋರೆಸ್! ಎದೆಯ ಮೇಲಿನ ಮೆಟ್ಸ್ ಹೆಸರನ್ನು ಹಿಡಿದು ತೋರಿಸುತ್ತಾ ಓಡಿಬಂದ. ಅತ್ತೆ ಉಪ್ಪು, ಮೆಣಸಿನಕಾಯಿ ತಂದು ಟೀವಿಗೇ ದೃಷ್ಟಿ ನಿವಾಳಿಸಿ ಒಲೆಗೆ ಹಾಕಿದರು. ಸ್ಮೋಕ್ ಅಲಾರಮ್ ಹೊಡೆದುಕೊಂಡಿತು. ಕೆಳಗಿನ ಮನೆಯವರು ಅದನ್ನೂ ಗೆಲುವಿನ ಸಂಭ್ರಮವೆಂದೇ ತಿಳಿದರು.

2000ದ ನಂತರ ಮೊದಲ ಸಲ ತಂಡ ವರ್ಲ್ಡ್ ಸೀರೀಸ್ ತಲುಪಿತು. ಕಾನ್ಸಾಸ್ ಸಿಟಿ ರಾಯಲ್ಸ್ ಎದುರು ಐದೇ ಆಟಕ್ಕೆ ಸೋತಿತು. ಕೊನೆಯ ಆಟದಲ್ಲಿ ಕಟ್ಟಕಡೆಗೆ ಔಟಾದವನೂ ಫ್ಲೋರೆಸ್ಸೇ. ಯಜಮಾನರು ರಿಮೋಟನ್ನು ಸೋಫಾದ ಮೇಲೆ ಎಸೆದು, ಅಷ್ಟರಲ್ಲಿ ಊರಿಗೆ ಮರಳಿದ್ದ ಅಪ್ಪನಿಗೆ ಫೋನ್ ಹಚ್ಚಿದರು. "ಇವನನ್ನ ಅವತ್ತೇ ಮಿಲ್ವಾಕಿಗೆ ಸಾಗಹಾಕಬೇಕಿತ್ತಪ್ಪ!"

"ಸ್ಟೇ ತೆರವು ಮಾಡ್ಸೋದು ಅಂದ್ರೆ ಅಷ್ಟು ಸುಲಭಾನೇನೋ?" ಎಂದರು ಮಾವ. "ಮೊದಲು ಫೈಲ್ ಪುಟಪ್ ಆಗ್ಲಿ."