ಭಾವನವರಿಗೊಂದು ಬಿನ್ನವತ್ತಳೆ

ಮಹನೀಯರ ಗುಣಗಾನಕ್ಕೆ ನಮ್ಮ ನಾಡಿನಲ್ಲಿ ಎಂದೂ ಬರವಿಲ್ಲ. ರಾಜ್ಯೋತ್ಸವದ ವೇದಿಕೆಗಳಲ್ಲಿ ಶಾಲು, ಹಾರ, ಫಲತಾಂಬೂಲ, ಮೈಸೂರು ಪೇಟ ಪಡೆದವರ ಪಟ್ಟಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಇದೆ. ಆದರೆ ಸಪ್ತಸಾಗರದಾಚೆ, ನ್ಯೂಜೆರ್ಸಿಯ ಒಂದು ಬಡಾವಣೆಗೆ ಹೊಸದಾಗಿ ಬಂದು, ಯಾರ ಚಪ್ಪಾಳೆಯನ್ನೂ ಬಯಸದೆ, ಕೈಯಿಂದ ಒಂದು ಸೆಂಟನ್ನೂ ಜಾರಗೊಡದೆ, ಹ್ಯಾಲೋವೀನ್ ಎಂಬ ಪರದೇಶದ ಹಬ್ಬವನ್ನು ಅದರ ಪರಮಾವಧಿಗೆ ಮುಟ್ಟಿಸಿದ ನನ್ನ ಅಕ್ಕನ ಗಂಡನಿಗೆ, ಪ್ರಾತಃಸ್ಮರಣೀಯರಾದ ಭಾವನವರಿಗೆ, ಇಂದಿಗೂ ಯಾವ ಸಂಘವೂ ಒಂದು ಶಾಲು ಹೊದಿಸಿಲ್ಲ. 2024ರ ಅಕ್ಟೋಬರಿನಲ್ಲಿ ಅವರ ಮನೆಯ ಅತಿಥಿಯಾಗಿದ್ದು ಆ ಸಿದ್ಧತೆಯನ್ನೆಲ್ಲ ಕಣ್ಣಾರೆ ಕಂಡ ಭಾಗ್ಯ ನನ್ನದು. ಕಂಡದ್ದನ್ನು ಹೇಳದೆ ಉಳಿದರೆ ಉಂಡ ಅನ್ನಕ್ಕೆ ದ್ರೋಹವಾದೀತೆಂದು ಈ ಬಿನ್ನವತ್ತಳೆ.

ಹಬ್ಬದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಅಕ್ಟೋಬರ್ 31ರ ಸಂಜೆ ಅಮೆರಿಕದ ಮಕ್ಕಳು ದೆವ್ವ, ಮಾಟಗಾತಿ, ಅಸ್ಥಿಪಂಜರಗಳ ವೇಷ ತೊಟ್ಟು ಮನೆಮನೆಯ ಕಾಲಿಂಗ್ ಬೆಲ್ ಒತ್ತಿ ‘ಟ್ರಿಕ್ ಆರ್ ಟ್ರೀಟ್’ ಎನ್ನುತ್ತಾರೆ; ಮನೆಯವರು ಅವರ ಚೀಲಕ್ಕೆ ಚಾಕಲೇಟು ಹಾಕುತ್ತಾರೆ. ಬಾಗಿಲ ದೀಪ ಉರಿಯುತ್ತಿದ್ದರೆ ಬನ್ನಿ ಎಂದರ್ಥ, ಆರಿದ್ದರೆ ಮುಂದೆ ಹೋಗಿ. ಕುಂಬಳಕಾಯಿಗೆ ಕಣ್ಣು ಮೂಗು ಕೊರೆದು ಒಳಗೆ ದೀಪವಿಡುವ ಪದ್ಧತಿಯ ಬೇರು ಐರ್ಲೆಂಡಿನಲ್ಲಿದೆ. ಅಲ್ಲಿ ಕೊರೆಯುತ್ತಿದ್ದುದು ಟರ್ನಿಪ್ ಗೆಡ್ಡೆಯನ್ನು. ಅದರ ಹಿಂದಿನ ಜನಪದ ಕತೆಯ ನಾಯಕ ಜಿಪುಣ ಜಾಕ್. ಸೈತಾನನನ್ನೇ ಹೆಂಡದಂಗಡಿಗೆ ಕರೆದೊಯ್ದು, ದುಡ್ಡು ಕೊಡುವ ಹೊತ್ತಿಗೆ ಅವನನ್ನೇ ನಾಣ್ಯವಾಗಲು ಒಪ್ಪಿಸಿ, ಆ ನಾಣ್ಯವನ್ನೂ ಅಂಗಡಿಯವನಿಗೆ ಕೊಡದೆ ಜೇಬಿಗಿಳಿಸಿದ ಧೀಮಂತ ಅವನು. ಸತ್ತ ಮೇಲೆ ಸ್ವರ್ಗದವರೂ ಸೇರಿಸಲಿಲ್ಲ, ನರಕದವರೂ ಸೇರಿಸಲಿಲ್ಲ. ಗೆಡ್ಡೆಯೊಳಗೆ ಒಂದು ಕೆಂಡವಿಟ್ಟುಕೊಂಡು ಇಂದಿಗೂ ಅಲೆಯುತ್ತಿದ್ದಾನಂತೆ. ಭಾವ ಈ ಕತೆಯನ್ನು ಮಕ್ಕಳಿಗೆ ಹೇಳುವಾಗ ಅವರ ಕಣ್ಣಂಚು ಒದ್ದೆಯಾದದ್ದನ್ನು ನಾನು ನೋಡಿದೆ. “ಬಾಡಿಗೆಯಿಲ್ಲ, ಕರೆಂಟ್ ಬಿಲ್ಲಿಲ್ಲ, ಒಂದೇ ಕೆಂಡದಲ್ಲಿ ಇಷ್ಟು ಶತಮಾನ ತಳ್ಳಿದ್ದಾನೆ, ಪುಣ್ಯಾತ್ಮ!” ಎಂದರು. ಉಳಿದವರು ಆ ಕತೆಯಲ್ಲಿ ಶಾಪವನ್ನು ಕಂಡರೆ ಭಾವ ಗುರುವನ್ನು ಕಂಡರು.

ಹೊಸ ಜಾಗಕ್ಕೆ ಹೋದವರು ಮೊದಲು ನೆರೆಹೊರೆಯವರ ಪರಿಚಯ ಮಾಡಿಕೊಳ್ಳಬೇಕೆಂದು ಬಲ್ಲವರು ಹೇಳುತ್ತಾರೆ. ಭಾವ ಆಗಸ್ಟಿನಲ್ಲೇ ಆ ಮನೆಗೆ ಬಂದಿದ್ದರೂ ಪರಿಚಯದಂಥ ಅಮೂಲ್ಯ ವಸ್ತುವನ್ನು ಕಂಡಕಂಡವರ ಮೇಲೆ ಚೆಲ್ಲುವವರಲ್ಲ. ಎದುರು ಮನೆಯ ಅಜ್ಜಿ ಮೊದಲ ವಾರದಲ್ಲೇ ಬಾಳೆಹಣ್ಣಿನ ಬ್ರೆಡ್ಡು ಮಾಡಿ ಪಿಂಗಾಣಿ ತಟ್ಟೆಯಲ್ಲಿಟ್ಟು ತಂದುಕೊಟ್ಟಿದ್ದರಂತೆ. ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ನಮ್ಮ ಸಂಪ್ರದಾಯವಲ್ಲ. ಸಂಪ್ರದಾಯಕ್ಕೆ ಭಂಗ ಬರಬಾರದೆಂದು ಭಾವ ಆ ತಟ್ಟೆಯನ್ನು ಹಿಂದಿರುಗಿಸಲೇ ಇಲ್ಲ. ಆದರೆ ಅಕ್ಟೋಬರಿನ ಮೂರನೆಯ ವಾರ ಬಂದದ್ದೇ ತಡ, ಎರಡು ತಿಂಗಳು ಕೂಡಿಟ್ಟ ಸ್ನೇಹವೆಲ್ಲ ಒಮ್ಮೆಗೇ ಉಕ್ಕಿ ಹರಿಯಿತು. ಸಂಜೆಯ ವಾಕಿಂಗಿನಲ್ಲಿ ಕಂಡವರಿಗೆಲ್ಲ ಕೈ ಬೀಸಿದರು, ನಾಯಿಗಳ ತಲೆ ಸವರಿದರು, ಅಜ್ಜಿಯ ಮಂಡಿನೋವನ್ನು ಇಪ್ಪತ್ತು ನಿಮಿಷ ನಿಂತು ಕೇಳಿದರು. ಮಂಡಿನೋವು ಮುಗಿದ ಮೇಲೆ ಕಳೆದ ವರ್ಷ ಯಾವ ಮನೆಯವರು ಏನು ಕೊಟ್ಟರೆಂಬುದನ್ನೂ ಕೇಳಿದರು. ಮೂಲೆಮನೆಯ ಹಲ್ಲಿನ ಡಾಕ್ಟರು ಟೂತ್‌ಬ್ರಶ್ ಕೊಡುತ್ತಾರೆ, ನೀಲಿ ಬಾಗಿಲಿನವರು ಇಡೀ ದೊಡ್ಡ ಸ್ನಿಕರ್ಸ್ ಬಾರನ್ನೇ ಕೊಡುತ್ತಾರೆ ಎಂದು ತಿಳಿಯಿತು. “ಈ ಸಲ ನೀವೇನು ಕೊಡುತ್ತೀರಿ?” ಎಂದು ಅಜ್ಜಿ ಕೇಳಿದಾಗ ಭಾವ ಆಕಾಶ ನೋಡಿ, ಮಳೆ ಬರುವಂತಿದೆ ಎಂದರು. ಆಕಾಶ ತಿಳಿಯಾಗಿತ್ತು.

ಆ ರಾತ್ರಿಯೇ ಎಕ್ಸೆಲ್ ಹಾಳೆ ತೆರೆಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಕಾವೇರಿಯ ನೀರಿಗೆ ಲೆಕ್ಕ ಹಾಕಿದ ಶ್ರದ್ಧೆಯನ್ನು ಪುಸ್ತಕದಲ್ಲಿ ಓದಿದ್ದೆ, ಕಣ್ಣಿಂದ ನೋಡಿರಲಿಲ್ಲ, ಈಗ ನೋಡಿದೆ. ಮನೆ ನಂಬರು, ಮೆಟ್ಟಿಲೆಷ್ಟು, ನಾಯಿಯಿದೆಯೆ, ಅಂಗಳದಲ್ಲಿ ಯಾವ ಯಾವ ಭೂತಪ್ರೇತಗಳಿವೆ, ಎಲ್ಲಕ್ಕೂ ಒಂದೊಂದು ಕಾಲಂ. ಹೋಮ್ ಡಿಪೋ 2020ರಲ್ಲಿ 299 ಡಾಲರಿಗೆ ಮಾರುಕಟ್ಟೆಗೆ ಬಿಟ್ಟ 12 ಅಡಿಯ ಅಸ್ಥಿಪಂಜರ ಯಾರ ಹುಲ್ಲುಹಾಸಿನಲ್ಲಿ ನಿಂತಿತ್ತೋ ಆ ಮನೆಗೆ ಹಸಿರು ಬಣ್ಣ: “300 ಡಾಲರಿನ ಎಲುಬು ನಿಲ್ಲಿಸಿದವನಿಗೆ ಮಗುವಿನ ಚೀಲಕ್ಕೆ ಬೆರಳುದ್ದದ ಚಾಕಲೇಟು ಹಾಕಲು ನಾಚಿಕೆಯಾಗುತ್ತೆ ಕಣಯ್ಯಾ.” ಚಾಕಲೇಟು ಒಗ್ಗದ ಮಕ್ಕಳೂ ಬರಿಗೈಲಿ ಹೋಗಬಾರದೆಂದು ಬಾಗಿಲಲ್ಲಿ ಹಸಿರುನೀಲಿ ಕುಂಬಳಕಾಯಿಯಿಟ್ಟು ಪೆನ್ಸಿಲು, ಸ್ಟಿಕರು ಹಂಚುವ ಮನೆಗಳಿಗೆ ಕೆಂಪು ಗೆರೆ, ಅಲ್ಲಿ ಕಾಲ ಕಳೆಯುವುದು ಮಕ್ಕಳ ಭವಿಷ್ಯಕ್ಕೆ ಒಳ್ಳೆಯದಲ್ಲ. ಎಕರೆಗೊಂದು ಬಂಗಲೆಯಿರುವ ಸಿರಿವಂತರ ಬೀದಿಯಲ್ಲಿ ನಡಿಗೆ ಹೆಚ್ಚು, ಗಳಿಕೆ ಕಡಿಮೆ. ಗೋಡೆಗೆ ಗೋಡೆ ಅಂಟಿದ ಟೌನ್‌ಹೌಸುಗಳ ಬೀದಿಯಲ್ಲಿ ಬಾಗಿಲ ಪಕ್ಕ ಬಾಗಿಲು. ಮನೆ ಮಾರಾಟದ ಝಿಲೋ ಕಂಪನಿ ಹಿಂದೆ ಮನೆಗಳ ಬೆಲೆ, ಜನಸಾಂದ್ರತೆಗಳನ್ನೆಲ್ಲ ತೂಗಿ ಹ್ಯಾಲೋವೀನಿಗೆ ಪ್ರಶಸ್ತವಾದ ನಗರಗಳ ಪಟ್ಟಿ ಹೊರಡಿಸುತ್ತಿತ್ತು. ಒಂದಿಡೀ ಕಂಪನಿ ಮಾಡಿದ್ದನ್ನು ಭಾವ ಪಂಚೆಯುಟ್ಟು, ಸೋಫಾದ ಮೇಲೆ ಕೂತು, ಏಕಾಂಗಿಯಾಗಿ ಮಾಡಿದರು. 2007ರಿಂದ ಅಮೆರಿಕದ ಗಡಿಯಾರಗಳು ನವೆಂಬರಿನ ಮೊದಲ ಭಾನುವಾರದವರೆಗೆ ಹಿಂದೆ ಸರಿಯದೆ ನಿಲ್ಲುವುದರಿಂದ ಹಬ್ಬದ ಸಂಜೆಗೆ ಒಂದು ಗಂಟೆ ಹೆಚ್ಚು ಬೆಳಕು ಸಿಗುತ್ತದೆ. ಆ ದೇಶದ ಸಂಸತ್ತು ಮಾಡಿದ ಅಷ್ಟೂ ಕಾನೂನುಗಳಲ್ಲಿ ಭಾವ ಮನಸಾರೆ ಹೊಗಳಿದ್ದು ಇದೊಂದನ್ನೇ.

ವೇಷಗಳ ಮಾತಿಗೆ ಬರೋಣ. ಮಗನಿಗೆ ಸ್ಪೈಡರ್‌ಮ್ಯಾನ್ ಉಡುಪು ಕೊಂಡರು ಎಂದರೆ ತಪ್ಪಾದೀತು. ನವೆಂಬರ್ 1ರ ಬೆಳಿಗ್ಗೆ ಅಂಗಡಿಗೆ ವಾಪಸು ಹೋಗಬೇಕಾದ ಆ ಉಡುಪನ್ನು ಒಂದು ದಿನದ ಮಟ್ಟಿಗೆ ಬರಮಾಡಿಕೊಂಡರು. ಬೆಲೆಚೀಟಿಯನ್ನು ಕತ್ತರಿಸದೆ ಕತ್ತಿನ ಹಿಂದೆ ಒಳಕ್ಕೆ ಮಡಿಸಿ ಬ್ಯಾಂಡೇಡ್ ಅಂಟಿಸಲಾಯಿತು. ಬೆವರಬಾರದು, ಕೂರಬಾರದು, ತೊಟ್ಟಾಗ ಏನೂ ತಿನ್ನಬಾರದು, ಹೊಲಿಗೆ ಬಿಟ್ಟೀತಾದ್ದರಿಂದ ಕೈಯನ್ನು ಹೆಗಲಿಗಿಂತ ಮೇಲೆ ಎತ್ತಬಾರದು. ಹೀಗಾಗಿ ಆ ಬಡಾವಣೆಯ ಜನ ತಮ್ಮ ಜೀವಮಾನದಲ್ಲೇ ಮೊದಲ ಬಾರಿಗೆ, ತೋಳುಗಳನ್ನು ಮೈಗೆ ಅಂಟಿಸಿಕೊಂಡು ಧಾರೆಮಂಟಪಕ್ಕೆ ಹೊರಟ ಮದುಮಗನಂತೆ ಮೆಲ್ಲಗೆ ಹೆಜ್ಜೆಯಿಡುವ ಸಭ್ಯ ಸ್ಪೈಡರ್‌ಮ್ಯಾನನ್ನು ಕಂಡರು.

ಮಗಳು ಮಾಟಗಾತಿಯಾಗುವ ಆಸೆ ಪಟ್ಟಿದ್ದಳು. ಮನೆಯಲ್ಲಿ ಹಿಂದಿನ ವರ್ಷದ ರಾಜ್ಯೋತ್ಸವದ ಛದ್ಮವೇಷಕ್ಕೆ ಹೊಲಿಸಿದ ಕಿತ್ತೂರು ಚೆನ್ನಮ್ಮನ ಸೀರೆ ಇರುವಾಗ ಮಾಟಗಾತಿಯೇಕೆ? ಸೀರೆ ಮೂರಿಂಚು ಮೇಲೇರಿತ್ತು, ರಟ್ಟಿನ ಖಡ್ಗದ ಬೆಳ್ಳಿಕಾಗದ ಅಲ್ಲಲ್ಲಿ ಎದ್ದಿತ್ತು. ಅದರಿಂದ ಯುದ್ಧ ಮುಗಿಸಿ ಬಂದ ಕಳೆಯೇ ಬಂತು. 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ತಲೆಬಾಗದ ರಾಣಿ, ಸರಿಯಾಗಿ 200 ವರ್ಷಗಳ ತರುವಾಯ ನ್ಯೂಜೆರ್ಸಿಯಲ್ಲಿ ದಿಂಬಿನ ಕವರು ಹಿಡಿದು ಮನೆಮನೆಯಿಂದ ಕಪ್ಪ ವಸೂಲು ಮಾಡಿದಳು. ಬಿಳಿಯ ಹೆಂಗಸರು ‘ಪ್ರಿನ್ಸೆಸ್’ ಎಂದರೆ ತಿದ್ದಬಾರದೆಂದು ಭಾವ ಮೊದಲೇ ಹೇಳಿಕೊಟ್ಟಿದ್ದರು. ಇತಿಹಾಸ ಹೇಳಲು ನಿಂತರೆ ಬಾಗಿಲಿಗೆ ಎರಡು ನಿಮಿಷ ನಷ್ಟ. ಮನೆಯಲ್ಲಿ ಜ್ವರದಿಂದ ಮಲಗಿರುವ ಪುಟ್ಟ ತಮ್ಮನಿಗೂ ಒಂದು ಕೊಡಿ ಎಂದು ಕೇಳುವ ಅಭ್ಯಾಸ ಕನ್ನಡಿಯ ಮುಂದೆ ನಾಲ್ಕು ಸಂಜೆ ನಡೆಯಿತು. ಮಕ್ಕಳಿಗೆ ಅಂಥ ತಮ್ಮನಿಲ್ಲ. ಹುಟ್ಟಿದ ಮಕ್ಕಳಿಗೆ ಆಸ್ತಿ ಮಾಡಿಡುವ ತಂದೆಯರು ಊರಿಗೆ ನೂರು; ಹುಟ್ಟದ ಮಗುವಿಗೂ ಮಾಡಿಟ್ಟವರು ಭಾವನವರೊಬ್ಬರೇ.

ಇದರ ನಡುವೆ ಒಂದು ಸಣ್ಣ ವಿಘ್ನ ಬಂತು. ಮಗಳು ಯೂನಿಸೆಫ್‌ನ ಕಿತ್ತಳೆ ಬಣ್ಣದ ರಟ್ಟಿನ ಡಬ್ಬಿಯೊಂದನ್ನು ಎಲ್ಲಿಂದಲೋ ತಂದಳು. 1950ರಲ್ಲಿ ಫಿಲಡೆಲ್ಫಿಯಾ ಕಡೆಯ ಕೆಲವು ಮಕ್ಕಳು ಹ್ಯಾಲೋವೀನಿನಂದು ಹಾಲಿನ ಡಬ್ಬಿ ಹಿಡಿದು, ತಮಗೆ ಸಿಹಿಯ ಬದಲು ಬೇರೆ ದೇಶದ ಮಕ್ಕಳಿಗೆ ಕಾಸು ಕೊಡಿ ಎಂದು ಕೇಳಿ 17 ಡಾಲರ್ ಕೂಡಿಸಿದರಂತೆ. ಅಂದಿನಿಂದ ಅದೊಂದು ಪದ್ಧತಿ. ಭಾವ ಡಬ್ಬಿಯನ್ನು ಗೌರವದಿಂದ ತೆಗೆದುಕೊಂಡು ತಿರುಗಿಸಿ ನೋಡಿ, ಗಟ್ಟಿಯಾಗಿದೆ ಎಂದು ಮೆಚ್ಚಿ, ಪಾರ್ಕಿಂಗ್ ಮೀಟರಿನ ಚಿಲ್ಲರೆ ಹಾಕಲು ಕಾರಿನಲ್ಲಿಟ್ಟರು.

ಇನ್ನು ಅವರ ಮೇರುಕೃತಿ. ತಮ್ಮ ಬಾಗಿಲಿಗೆ ಬರುವ ಮಕ್ಕಳಿಗೆ ಏನು ಕೊಡುವುದು? ಎರಡನೆಯ ಮಹಾಯುದ್ಧದ ದೆಸೆಯಿಂದ 1942ರಿಂದ 1947ರವರೆಗೆ ಅಮೆರಿಕದಲ್ಲಿ ಸಕ್ಕರೆಗೆ ರೇಷನ್ ಇತ್ತು. ದೇಶಕ್ಕೆ ದೇಶವೇ ಬಲವಂತಕ್ಕೆ ಕೈಗೊಂಡ ಆ ವ್ರತವನ್ನು 77 ವರ್ಷಗಳ ಮೇಲೆ ಭಾವ ಸ್ವಂತ ಇಚ್ಛೆಯಿಂದ ಮತ್ತೆ ಹಿಡಿದರು. ದೀಪ ಆರಿಸಿ ಕೂತರೆ ಹೊಸ ಬಡಾವಣೆಯಲ್ಲಿ ಹೆಸರು ಕೆಡುತ್ತದೆ. ಆದ್ದರಿಂದ ಮೆಟ್ಟಿಲ ಮೇಲೆ ಒಂದು ಸ್ಟೀಲ್ ಬೋಗುಣಿ. ಅದರ ಮುಂದೆ ದಪ್ಪಕ್ಷರದ ಫಲಕ: ‘ಮಕ್ಕಳೊಂದಿಗೆ ಹೊರಗೆ ಹೋಗಿದ್ದೇವೆ. ದಯವಿಟ್ಟು ಒಂದೇ ತೆಗೆದುಕೊಳ್ಳಿ. ಹಿಂದೆ ಬರುವವರನ್ನೂ ನೆನೆಯಿರಿ.’ ಬೋಗುಣಿ ಖಾಲಿ. ಆಫೀಸಿನಲ್ಲಿ ಯಾರೋ ತಿಂದೆಸೆದ ಚಾಕಲೇಟು ಕಾಗದಗಳನ್ನು ಹದಿನೈದು ದಿನದಿಂದ ಜೋಪಾನ ಮಾಡಿಟ್ಟಿದ್ದರು. ಒಂದನ್ನು ಬೋಗುಣಿಯ ತಳದಲ್ಲಿ, ಒಂದನ್ನು ಎರಡನೆಯ ಮೆಟ್ಟಿಲಲ್ಲಿ, ಮತ್ತೊಂದನ್ನು ಓಡುವ ಕಳ್ಳನ ಕೈಯಿಂದ ಜಾರಿದಂತೆ ಹುಲ್ಲಿನ ಮೇಲೆ ಇಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಹುಲ್ಲಿನ ಮೇಲಿನದನ್ನು ಇನ್ನೊಂದು ಗೇಣು ಆಚೆ ಸರಿಸಿದರು. ಪಕ್ಕದಲ್ಲಿ ಒಂದು ಕುಂಬಳಕಾಯಿ. ಕೊರೆದರೆ ಮಾರನೆಯ ದಿನ ಹುಳಿಗೆ ಬರುವುದಿಲ್ಲವೆಂದು ಕಣ್ಣು ಮೂಗನ್ನು ಕಪ್ಪು ಕಾಗದದಲ್ಲಿ ಕತ್ತರಿಸಿ ಅಂಟಿಸಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿಯಲ್ಲ ನಮ್ಮ ಭಾವ. ಅವರ ಹೆಗಲು ಸದಾ ಶುಭ್ರ.

ಆ ವರ್ಷ ಅಕ್ಟೋಬರ್ 31 ಊರಲ್ಲಿ ನರಕ ಚತುರ್ದಶಿ. ನ್ಯೂಜೆರ್ಸಿಯಲ್ಲಿ ಅದೇ ಸಂಜೆಗೆ ಅಮಾವಾಸ್ಯೆ, ಲಕ್ಷ್ಮೀಪೂಜೆ. “ರೀ, ಹಬ್ಬದ ದಿನ ಹೊಸಿಲಿಗೆ ದೀಪ ಇಡದಿದ್ದರೆ ಹೇಗ್ರೀ?” ಎಂದಳು ಅಕ್ಕ.

“ದೀಪ ನೋಡಿ ಲಕ್ಷ್ಮಿ ಬರ್ತಾಳೆ, ಸರಿ. ಅವಳ ಹಿಂದೆ ಬೀದಿಯ ಮಕ್ಕಳೂ ಬಂದು ಬೆಲ್ ಒತ್ತುತ್ತವಲ್ಲ? ಲಾಂಡ್ರಿ ರೂಮಿಗೂ ಹೊಸಿಲಿದೆ, ಅಲ್ಲಿಡು” ಎಂದರು ಭಾವ. ಧರ್ಮಸೂಕ್ಷ್ಮ ಇಷ್ಟು ಸುಲಭವಾಗಿ ಬಿಡಿಸಿದವರನ್ನು ನಾನು ಮಠಗಳಲ್ಲೂ ಕಂಡಿಲ್ಲ.

ಹೀಗೆ ಅವರು ಮಕ್ಕಳನ್ನು ಕರೆದುಕೊಂಡು ದಿಗ್ವಿಜಯಕ್ಕೆ ಹೊರಟ ಮೇಲೆ ನಾನೂ ಅಕ್ಕನೂ ಕತ್ತಲ ಮನೆಯ ಲಾಂಡ್ರಿ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂತೆವು. ವಾಷಿಂಗ್ ಮೆಷೀನಿನ ಮೇಲೆ ಬೆಳ್ಳಿಯ ಲಕ್ಷ್ಮಿ, ಡ್ರೈಯರಿನ ಮೇಲೆ ಐದು ಹಣತೆ, ಎಳ್ಳೆಣ್ಣೆಯ ಜೊತೆ ಸೋಪುಪುಡಿಯ ಪರಿಮಳ. ಸದ್ದು ಹೊರಗೆ ಹೋಗದಂತೆ ಅಕ್ಕ ಪೂಜೆಯ ಗಂಟೆಯನ್ನು ಟವೆಲಿನಲ್ಲಿ ಸುತ್ತಿ ಆಡಿಸಿದಳು. ಮಂಗಳಾರತಿಯ ಹಾಡನ್ನು ತುಟಿಯಲ್ಲೇ ಹೇಳಿದಳು. ಹೊರಗೆ ಆಗಾಗ ಪುಟ್ಟ ಹೆಜ್ಜೆಗಳು ಬಂದು ನಿಂತು, ಯಾರೋ ಎಲ್ಲ ಖಾಲಿ ಮಾಡಿದ್ದಾರೆ ಎಂದುಕೊಂಡು ಹೋಗುತ್ತಿದ್ದವು. ಒಂದು ಸಲ ಬೋಗುಣಿಯಲ್ಲಿ ಟಣ್ ಎಂದು ಸದ್ದಾಯಿತು. ಮರುಕ್ಷಣವೇ ನನ್ನ ಫೋನು.

“ಬಾಗಿಲ ಕ್ಯಾಮೆರಾದಲ್ಲಿ ನೋಡಿದೆ ಕಣಯ್ಯಾ” ಎಂದರು ಭಾವ, ಏದುಸಿರಿನಲ್ಲಿ. “ಯಾವುದೋ ಮಗು, ಹಿಂದೆ ಬರೋರಿಗೆ ಇರಲಿ ಅಂತ ತನ್ನ ಚೀಲದಿಂದ ಒಂದು ಹಾಕಿ ಹೋಯ್ತು. ಬೇಗ ಎತ್ತಿಡು, ಯಾರಾದ್ರೂ ಹೊಡ್ಕೊಂಡು ಹೋದಾರು. ಕಾಲ ಕೆಟ್ಟಿದೆ.”

ನಾನು ನಡುಬಗ್ಗಿಸಿ ಕತ್ತಲಲ್ಲಿ ತಡವರಿಸುತ್ತ ಹೋಗಿ, ಬಾಗಿಲನ್ನು ಅಂಗೈಯಗಲ ತೆರೆದು, ಆ ಕಿಟ್ ಕ್ಯಾಟನ್ನು ಒಳಗೆ ತಂದೆ. ರಾತ್ರಿ ಎಂಟರೊಳಗೆ ಹೀಗೆ ನಾಲ್ಕು ಸಲ ಹೋಗಿಬಂದೆ.

ಒಂಬತ್ತಕ್ಕೆ ಮೆರವಣಿಗೆ ಮರಳಿತು. ಅಪರಿಚಿತರು ಹ್ಯಾಲೋವೀನ್ ಚಾಕಲೇಟಿಗೆ ವಿಷ ಬೆರೆಸಿ ಮಗುವನ್ನು ಕೊಂದಾರೆಂಬ ಭಯ ಅಲ್ಲಿ ಬಹಳ ಹಳೆಯದು. ಜೋಯಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞ 1958ರಿಂದೀಚಿನ ವರದಿಗಳನ್ನು ಜಾಲಾಡಿಯೂ ಅಂಥ ಒಂದು ಸಾಬೀತಾದ ಪ್ರಕರಣ ಸಿಗಲಿಲ್ಲವೆಂದಿದ್ದಾರೆ. ಆದರೆ ಹೆತ್ತ ಕರುಳು ವಿದ್ವಾಂಸರ ಮಾತು ಕೇಳೀತೆ? ಸ್ಪೈಡರ್‌ಮ್ಯಾನನ್ನು ಮೊದಲು ಹುಷಾರಾಗಿ ಬಿಚ್ಚಿಸಿ ಮಡಿಸಿಟ್ಟ ಭಾವ, ಚೀಲಗಳನ್ನು ನೆಲದ ಮೇಲೆ ಸುರಿದು, ರೀಸಸ್ಸು, ಸ್ನಿಕರ್ಸುಗಳನ್ನು ಒಂದೊಂದಾಗಿ ತಾವೇ ತಿಂದು ಪರೀಕ್ಷಿಸಿದರು. ಪ್ರಾಣದ ಹಂಗು ತೊರೆದು ಹನ್ನೊಂದನ್ನು ಪರೀಕ್ಷಿಸಿದ ಮೇಲೆ, ಉಳಿದ ದೊಡ್ಡ ಬಾರುಗಳು ಡಿಸೆಂಬರಿನಲ್ಲಿ ಊರಿಗೆ ಹೋದಾಗ ನೆಂಟರಿಷ್ಟರಿಗೆ ಎಂದು ಕಪಾಟು ಸೇರಿದವು. ಯಾರೂ ಮೂಸದ ಕ್ಯಾಂಡಿ ಕಾರ್ನು ಕನ್ನಡ ಸಂಘದ ರಾಜ್ಯೋತ್ಸವಕ್ಕೆ ‘ಕುಟುಂಬದ ಕೊಡುಗೆ’. ಮೈಕಿನಲ್ಲಿ ಹೆಸರು ಹೇಳಬೇಕೆಂದು ಆಗಲೇ ಮೆಸೇಜ್ ಹೋಯಿತು.

ಮಕ್ಕಳು ಮಲಗಿದರು. ಭಾವ ಎಕ್ಸೆಲ್ ಹಾಳೆ ತೆರೆದು ಕೊನೆಯ ಸಾಲಿನಲ್ಲಿ ತಮ್ಮದೇ ಮನೆಯ ನಂಬರು ತುಂಬಿದರು. ಕೊಟ್ಟದ್ದು: 0. ಬಂದದ್ದು: 4. ಸ್ವಲ್ಪ ಹೊತ್ತು ಗಲ್ಲಕ್ಕೆ ಕೈಯಿಟ್ಟು ನೋಡಿ, ಆ ಸಾಲಿಗೆ ಹಸಿರು ಬಣ್ಣ ಬಳಿದು, ಮುಂದಿನ ವರ್ಷ ಎರಡು ಬೋಗುಣಿ ಇಡಬೇಕು ಎಂದು ಷರಾ ಬರೆದರು.